ಗರಗಸ ಹರಿತ ಮಾಡಿಕೊಳ್ಳಿ ಅನ್ನುತ್ತಾರೆ, ಆ ಹೊತ್ತಿನ ಕೂಲಿ ಯಾರು ಕೊಡುತ್ತಾರೆ?

ಜಯನಗರ_ಚುಕ್ಕಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಆಫೀಸಿನ ಟ್ರೈನಿಂಗ್‌ಗಳಲ್ಲಿ ಕೂತವರಿಗೆಲ್ಲ ‘ಶಾರ್ಪನ್ ದ ಸಾ’ ಅನ್ನುವ ಮಾತು ಗೊತ್ತೇ ಇರುತ್ತದೆ. ಒಬ್ಬ ಮೊಂಡು ಗರಗಸ ಹಿಡಿದು ಗಂಟೆಗಟ್ಟಲೆ ಮರ ಕೊಯ್ಯುತ್ತಿರುತ್ತಾನೆ. ನೋಡಿದವರು ‘ಸ್ವಲ್ಪ ನಿಲ್ಲಿಸಿ ಗರಗಸ ಹರಿತ ಮಾಡಿಕೊಳ್ಳಬಾರದಾ’ ಅಂತ ಕೇಳುತ್ತಾರೆ. ‘ಕೊಯ್ಯುವುದೇ ಇಷ್ಟೊಂದು ಬಿದ್ದಿದೆ, ಅದಕ್ಕೆಲ್ಲ ಪುರುಸೊತ್ತು ಎಲ್ಲಿದೆ’ ಅಂತಾನೆ ಅವನು. ಅಮೆರಿಕದ ಲೇಖಕ ಸ್ಟೀಫನ್ ಕೋವಿ 1989ರ ತಮ್ಮ ‘ಸೆವೆನ್ ಹ್ಯಾಬಿಟ್ಸ್’ ಪುಸ್ತಕದಲ್ಲಿ ಏಳನೇ ಅಭ್ಯಾಸಕ್ಕೆ ಇದೇ ಹೆಸರಿಟ್ಟರು. ಆಮೇಲೆ ಈ ಕಥೆ ಹೋಗದ ಆಫೀಸಿಲ್ಲ.

ಕಥೆಯಲ್ಲಿ ಹುರುಳಿದೆ. ಮೊಂಡು ಗರಗಸದಲ್ಲಿ ಕೆಲಸ ಸಾಗುವುದಿಲ್ಲ, ಒಪ್ಪಿದೆ. ಆದರೆ ಅದರಲ್ಲಿ ಒಂದು ವಿಷಯ ಬರುವುದೇ ಇಲ್ಲ, ನನಗೆ ಅದೇ ಮುಖ್ಯ. ಆ ಮರ ಯಾರದ್ದು? ಅವನಿಗೆ ದಿನಗೂಲಿಯೋ, ಕೊಯ್ದಷ್ಟಕ್ಕೆ ಮಾತ್ರ ದುಡ್ಡೋ? ಅವನು ನಿಂತು ಹಲ್ಲಿಗೆ ಅರ (ಫೈಲ್) ಹಾಕಿದರೆ ಆ ಹೊತ್ತು ಯಾರ ಲೆಕ್ಕಕ್ಕೆ ಹೋಗುತ್ತದೆ?

ನಮ್ಮಲ್ಲಿ ನಡೆಯುವುದು ಹೀಗೆ. ಕ್ಲೈಂಟ್ ಹೊಸ ಟೆಸ್ಟಿಂಗ್ ಟೂಲ್ ಬೇಕು ಅನ್ನುತ್ತಾರೆ. ಅದು ನಮಗೆ ಬರುವುದಿಲ್ಲ. ಪ್ರಾಜೆಕ್ಟ್‌ನ ಗಂಟೆಗಳ ಲೆಕ್ಕದಲ್ಲಿ ಕಲಿಯುವ ಹೊತ್ತು ಅಂತ ಒಂದು ಸಾಲೂ ಇರುವುದಿಲ್ಲ. ‘ಗರಗಸ ಹರಿತ ಮಾಡಿಕೊಳ್ಳಿ’ ಅಂತ ಒಂದು ಲಿಂಕ್ ಕಳಿಸುತ್ತಾರೆ, ಶನಿವಾರ ಭಾನುವಾರ ಕೂತು ಕಲಿತು ಸೋಮವಾರ ಬಂದು ಕೆಲಸ ಶುರು ಮಾಡಬೇಕು. ಕಲಿಯದಿದ್ದರೆ ನಾವು ಮೊಂಡರು.

ಹಾಗಾಗಿ ಇಲ್ಲಿರುವ ಬಡಗಿಗಳು, ತೋಟದವರು, ಅಡುಗೆಯವರು, ಅಂದರೆ ನಿಜವಾಗಿಯೂ ಅಲಗು ಹಿಡಿದು ದುಡಿಯುವವರನ್ನು ಕೇಳಬೇಕು ಅನ್ನಿಸಿತು. ನೀವು ಯಾವಾಗ ಹರಿತ ಮಾಡಿಕೊಳ್ಳುತ್ತೀರಿ? ಕೆಲಸದ ಹೊತ್ತಿನಲ್ಲೋ, ಮನೆಯಲ್ಲೋ?

ಉಳಿ_ಬಾಚಿ (ಸಾಗರ)

ಚುಕ್ಕಿ ಮೇಡಂ, ಒಳ್ಳೇ ಪ್ರಶ್ನೆ ಕೇಳಿದ್ದೀರಿ. ಮೊದಲು ಗರಗಸದ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆ ಹೇಳುವವರಲ್ಲಿ ಅರ ಹಿಡಿದವರು ಕಡಿಮೆ.

ಗರಗಸ ಹರಿತ ಮಾಡುವುದು ಎರಡು ಸಲ ಕಲ್ಲಿಗೆ ಉಜ್ಜಿ ಮುಗಿಸುವ ಕೆಲಸ ಅಲ್ಲ. ಮೊದಲು ಚಪ್ಪಟೆ ಅರ ಎಳೆದು ಎಲ್ಲಾ ಹಲ್ಲುಗಳ ತುದಿಯನ್ನು ಒಂದೇ ಮಟ್ಟಕ್ಕೆ ತರಬೇಕು. ಆಮೇಲೆ ಒಂದು ಹಲ್ಲು ಎಡಕ್ಕೆ, ಪಕ್ಕದ್ದು ಬಲಕ್ಕೆ, ಹೀಗೆ ಕೊನೆಯ ತನಕ ಚೂರು ಚೂರೇ ಬಾಗಿಸಬೇಕು. ಈ ಬಾಗು ಇಲ್ಲದಿದ್ದರೆ ಕೊಯ್ದ ಸೀಳು ಅಲಗಿನಷ್ಟೇ ಅಗಲ ಆಗುತ್ತದೆ, ಗರಗಸ ಮರದೊಳಗೇ ಸಿಕ್ಕಿಕೊಂಡು ಕೂರುತ್ತದೆ. ಕೊನೆಗೆ ಮೂರು ಮೂಲೆಯ ಅರದಿಂದ ಪ್ರತಿ ಸಂದಿಗೂ ಒಂದೇ ಲೆಕ್ಕದಲ್ಲಿ ಉಜ್ಜಬೇಕು. ಉದ್ದಕ್ಕೆ ಸೀಳುವ ಗರಗಸಕ್ಕೆ ಅರ ನೇರ ಹೋಗಬೇಕು, ಅಡ್ಡ ಕೊಯ್ಯುವ ಗರಗಸಕ್ಕೆ ಓರೆಯಾಗಿ ಹೋಗಬೇಕು. ಕಣ್ಣು ಚೆನ್ನಾಗಿರಬೇಕು, ಬೆಳಕು ಬೇಕು, ಕೂರಲು ಜಾಗ ಬೇಕು, ಯಾರೂ ಅವಸರ ಮಾಡಬಾರದು.

ಈಗ ಕೂಲಿ ವಿಷಯ. ದಿನಗೂಲಿಗೆ ಹೋದರೆ ಬೆಳಿಗ್ಗೆ ಮೊದಲು ಉಳಿ, ಮರ ನಯ ಮಾಡುವ ತೋಪಡಾದ ಅಲಗು ಮಸೆದುಕೊಳ್ಳುತ್ತೇವೆ. ಮಧ್ಯಾಹ್ನ ಊಟ ಆದ ಮೇಲೆ ಮತ್ತೊಂದು ಸಲ. ಆ ಹೊತ್ತನ್ನು ಯಾವ ಮನೆಯವರೂ ಕೂಲಿಯಲ್ಲಿ ಮುರಿದುಕೊಂಡಿದ್ದು ನಾನು ನೋಡಿಲ್ಲ. ಅದು ಕೆಲಸವೇ ಅಂತ ಅವರಿಗೂ ಗೊತ್ತು. ತೇಗದಲ್ಲಿ ಸಿಲಿಕಾ ಇರುತ್ತದೆ, ಅಲಗಿನ ಬಾಯಿ ಬೇಗ ಹೋಗುತ್ತದೆ. ಪ್ಲೈವುಡ್ಡಿನ ಅಂಟು ಕೂಡ ಹಾಗೇ. ಹಾಗಾಗಿ ತೇಗದ ಬಾಗಿಲಿಗೆ ಮಸೆಯುವ ಹೊತ್ತು ಜಾಸ್ತಿ ಹಿಡಿದರೂ ಯಾರೂ ತಕರಾರು ಮಾಡುವುದಿಲ್ಲ.

ಚದರಡಿ ಲೆಕ್ಕದ ಗುತ್ತಿಗೆಗೆ ಬಂದ ಕೂಡಲೇ ಇದೆಲ್ಲ ಬದಲಾಗುತ್ತದೆ. ಅಲ್ಲಿ ಮಸೆಯುವ ಹೊತ್ತು ನಮ್ಮ ಜೇಬಿನಿಂದ ಹೋಗುತ್ತದೆ. ಅದಕ್ಕೇ ಹುಡುಗರು ಹಲ್ಲಿನ ತುದಿ ಕಪ್ಪು ನೀಲಿ ಬಣ್ಣ ಇರುವ ಗರಗಸ ತರುತ್ತಾರೆ. ಆ ಹಲ್ಲು ಅರಕ್ಕಿಂತ ಗಟ್ಟಿ. ಅರ ಅದರ ಮೇಲೆ ಜಾರುತ್ತದೆ, ಹರಿತ ಮಾಡಲು ಬರುವುದೇ ಇಲ್ಲ. ಮೊಂಡಾದರೆ ಬಿಸಾಕಿ ಹೊಸದು ತರಬೇಕು. ಆಫೀಸುಗಳಲ್ಲಿ ಮನುಷ್ಯರನ್ನೂ ಹಾಗೆ ಇಟ್ಟುಕೊಳ್ಳುತ್ತಾರಾ ಅಂತ ನಿಮ್ಮ ಪೋಸ್ಟ್ ಓದಿ ಬೇಜಾರಾಯಿತು.

ಹೆಬ್ಬಾಳ_ಸಂಜೆ

ನಾನು ಟೀಮ್ ನೋಡಿಕೊಳ್ಳುವವನು, ಹಾಗಾಗಿ ಇನ್ನೊಂದು ಕಡೆಯಿಂದಲೂ ಹೇಳಬೇಕು.

ಕೋವಿ ಹೇಳಿದ್ದು ಕಂಪನಿಯ ಟೂಲ್ ಕಲಿಯುವ ಬಗ್ಗೆ ಅಲ್ಲವೇ ಅಲ್ಲ. ಅವರು ನಾಲ್ಕು ವಿಷಯ ಹೇಳಿದರು. ದೇಹ, ಬುದ್ಧಿ, ಮನಸ್ಸು ಮತ್ತು ಸಂಬಂಧ, ಆಮೇಲೆ ಆಧ್ಯಾತ್ಮ. ವ್ಯಾಯಾಮ ಮಾಡಿ, ಓದಿ, ನಿಮ್ಮವರ ಜೊತೆ ಇರಿ, ಸುಮ್ಮನೆ ಕೂತು ಯೋಚಿಸಿ, ಇದಕ್ಕೆಲ್ಲ ದಿನಕ್ಕೆ ಒಂದು ಗಂಟೆ ಇಡಿ ಅಂದರು. ಅದು ನಮ್ಮ ಬದುಕಿಗೆ ನಾವು ಕೊಟ್ಟುಕೊಳ್ಳುವ ಹೊತ್ತು. ಅದಕ್ಕೆ ಸಂಬಳ ಕೇಳುವುದು ಸರಿಯಲ್ಲ. ಮಾತನ್ನು ತಪ್ಪಾಗಿ ಬಳಸುವವರಿದ್ದಾರೆ ಅಂತ ಮಾತನ್ನೇ ಬಿಸಾಕಬೇಡಿ.

ಇನ್ನೊಂದು ವಿಷಯ. ಬಡಗಿಯವರ ಉಳಿ ಅವರದ್ದೇ. ನಾಳೆ ಬೇರೆ ಮನೆಗೆ ಹೋದರೂ ಅದೇ ಉಳಿ ಜೊತೆಗೆ ಹೋಗುತ್ತದೆ. ಕಲಿತ ವಿದ್ಯೆಯೂ ಹಾಗೇ. ಇಲ್ಲಿ ಕಲಿತು ಆರು ತಿಂಗಳಿಗೆ ಜಾಸ್ತಿ ಸಂಬಳಕ್ಕೆ ಬೇರೆ ಕಡೆ ಹೋಗುವವರು ಇಲ್ಲವಾ? ಲಾಭ ಇಬ್ಬರಿಗೂ ಇದ್ದರೆ ಹೊತ್ತೂ ಇಬ್ಬರದ್ದೂ ಆಗಬೇಕು, ಅಲ್ವಾ?

ಪಯಸ್ವಿನಿ_ತೀರ (ಸುಳ್ಯ)

ನಮ್ಮದು ರಬ್ಬರ್ ತೋಟ. ಇಲ್ಲಿ ಕತ್ತಿ ಮೊಂಡಾದರೆ ಏನಾಗುತ್ತದೆ ಅಂತ ಹೇಳುತ್ತೇನೆ, ನಷ್ಟ ಯಾರಿಗೆ ಅಂತ ಅದರಿಂದಲೇ ಗೊತ್ತಾಗುತ್ತದೆ.

ರಬ್ಬರ್ ಹಾಲಿನ ನಾಳಗಳು ಒಳತೊಗಟೆಯಲ್ಲಿ ಇರುತ್ತವೆ. ಅದರ ಒಳಗೆ ಮರ ಬೆಳೆಯುವ ತೆಳು ಪದರ ಇರುತ್ತದೆ. ಟ್ಯಾಪಿಂಗ್ ಮಾಡುವವರು, ಅಂದರೆ ಹಾಲು ಇಳಿಸಲು ತೊಗಟೆ ಕೆತ್ತುವವರು, ಆ ಪದರದಿಂದ ಸುಮಾರು ಒಂದು ಮಿಲಿಮೀಟರ್ ಬಿಟ್ಟು ಕೆತ್ತಬೇಕು. ಆ ಪದರಕ್ಕೆ ಕತ್ತಿ ತಾಗಿದರೆ ಗಾಯ. ಆ ಜಾಗದಲ್ಲಿ ಹೊಸ ತೊಗಟೆ ಗಂಟು ಗಂಟಾಗಿ ಬರುತ್ತದೆ, ಮುಂದೆ ಅಲ್ಲಿ ಸರಿಯಾಗಿ ಟ್ಯಾಪ್ ಮಾಡಲು ಆಗುವುದಿಲ್ಲ. ಹರಿತದ ಕತ್ತಿಯಲ್ಲಿ ತೆಳ್ಳಗಿನ ಚಕ್ಕೆ ಬರುತ್ತದೆ. ಮೊಂಡು ಕತ್ತಿಯಾದರೆ ಒತ್ತಬೇಕು, ಒತ್ತಿದರೆ ಆಳಕ್ಕೆ ಹೋಗುತ್ತದೆ, ಚಕ್ಕೆಯೂ ದಪ್ಪ ಬರುತ್ತದೆ. ಅಂದರೆ ಮುಂದಿನ ವರ್ಷಗಳಿಗೆ ಇಟ್ಟ ತೊಗಟೆ ಇವತ್ತೇ ಖರ್ಚಾಯಿತು. ಇದೆಲ್ಲ ನಸುಕಿನಲ್ಲೇ ಮುಗಿಯಬೇಕು, ಬಿಸಿಲೇರಿದ ಮೇಲೆ ಹಾಲು ಸರಿಯಾಗಿ ಹರಿಯುವುದಿಲ್ಲ. ಒಬ್ಬರಿಗೆ ಸಾಮಾನ್ಯವಾಗಿ 300 ಮರದ ಆಸುಪಾಸು ಇರುತ್ತದೆ. ಅಷ್ಟು ಮರ ಮುಗಿಸುವ ಓಟದಲ್ಲಿ ನಡುವೆ ನಿಂತು ಕತ್ತಿ ಮಸೆಯಲು ಯಾರಿಗೆ ಪುರುಸೊತ್ತು? ಹಿಂದಿನ ದಿನ ಸಂಜೆ ಮನೆಯಲ್ಲಿ ಮಸೆದಿಟ್ಟುಕೊಳ್ಳುತ್ತಾರೆ.

ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲು ಮಾಡಿದ ತೋಟಗಳು ಅವು. ಆ ಮನೆಗಳ ಹೆಂಗಸರು ಕತ್ತಿ ಮಸೆಯುವ ಕೈಚಳಕ ನೋಡಬೇಕು. ಅವರು ಸಂಜೆ ಮಸೆಯುವುದು ಮರದ ಮಾಲೀಕರಿಗೆ ಮುಂದಿನ ಎಷ್ಟೋ ವರ್ಷದ ತೊಗಟೆ ಉಳಿಸಿಕೊಡುತ್ತದೆ. ಹಾಗಾದರೆ ಆ ಹೊತ್ತು ಯಾರಿಗಾಗಿ ಮಾಡಿದ ಕೆಲಸ? ನಾನು ತೋಟದ ಮಾಲೀಕನಾಗಿಯೇ ಹೇಳುತ್ತಿದ್ದೇನೆ, ಅದು ನನಗಾಗಿ ಮಾಡಿದ ಕೆಲಸ. ನಮ್ಮ ತೋಟದಲ್ಲಿ ಅದಕ್ಕೆ ಬೇರೆ ದುಡ್ಡು ಕೊಡುತ್ತೇವೆ, ಕಲ್ಲೂ ನಮ್ಮದೇ.

ಕೃಷ್ಣಾ_ದಂಡೆ (ಅಥಣಿ)

ಸುಳ್ಯದ ಅಣ್ಣ ಹೇಳಿದ್ದು ಓದಿ ನಮ್ಮ ಕಡೆಯ ಕಬ್ಬಿನ ವಿಷಯ ಬರೆಯಲೇಬೇಕು ಅನ್ನಿಸಿತು.

ಕಬ್ಬು ಕಡಿಯುವಾಗ ನೆಲಕ್ಕೆ ಹತ್ತಿ ಕಡಿಯಬೇಕು. ಸಕ್ಕರೆ ಜಾಸ್ತಿ ಇರುವುದು ಬುಡದ ಗಣಿಕೆಯಲ್ಲಿ. ಒಂದೇ ಏಟಿಗೆ ನುಣ್ಣಗೆ ಕಡಿದು ಬೀಳಬೇಕು. ಕೊಯ್ತಾ, ಅಂದರೆ ಕಬ್ಬು ಕಡಿಯುವ ಕತ್ತಿ, ಮೊಂಡಾಗಿದ್ದರೆ ಬುಡ ಸೀಳುತ್ತದೆ, ಜಜ್ಜುತ್ತದೆ. ಸೀಳಿದ ಬುಡದಲ್ಲಿ ಕೂಳೆ ಸರಿಯಾಗಿ ಚಿಗುರುವುದಿಲ್ಲ. ಕೂಳೆ ಕಬ್ಬಂದರೆ ಬೀಜ ಹಾಕದೆ ಬರುವ ಬೆಳೆ, ರೈತನಿಗೆ ಅದರಲ್ಲೇ ನಾಲ್ಕು ಕಾಸು ಉಳಿಯುವುದು. ಹಾಗಾಗಿ ಕಡಿಯಲು ಬರುವ ಗ್ಯಾಂಗಿನವರ ಕೊಯ್ತಾ ಮೊಂಡಾದರೆ ಪೆಟ್ಟು ಬೀಳುವುದು ನಮ್ಮ ಮುಂದಿನ ವರ್ಷದ ಬೆಳೆಗೆ.

ಈಗ ಆ ಗ್ಯಾಂಗಿನವರ ಲೆಕ್ಕ ಕೇಳಿ. ಬೀಡ್ ಕಡೆಯಿಂದ, ಮರಾಠವಾಡದಿಂದ ಗಂಡ ಹೆಂಡತಿ ಜೋಡಿಯಾಗಿ ಬರುತ್ತಾರೆ. ಪಶ್ಚಿಮ ಮಹಾರಾಷ್ಟ್ರಕ್ಕೂ ಹೋಗುತ್ತಾರೆ, ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಗೂ ಬರುತ್ತಾರೆ. ಅವರನ್ನು ಕರೆತರುವ ಗುತ್ತಿಗೆದಾರ ಮುಕಾದಮ ಮೊದಲೇ ಉಚಲ್ ಕೊಟ್ಟಿರುತ್ತಾನೆ, ಅಂದರೆ ಮುಂಗಡ. ಆ ಜೋಡಿಗೆ ಲೆಕ್ಕದಲ್ಲಿ ಏನು ಹೆಸರು ಗೊತ್ತಾ? ‘ಒಂದು ಕೊಯ್ತಾ’. ಇಬ್ಬರು ಮನುಷ್ಯರು ಸೇರಿ ಒಂದು ಕೊಯ್ತಾ. ಕೂಲಿ ಟನ್ ಲೆಕ್ಕ. ಒಂದು ದಿನ ಮೈ ಹುಷಾರಿಲ್ಲ ಅಂತ ಕೂತರೆ ಖಾಡಾ ಅಂತ ದಂಡ ಬೀಳುತ್ತದೆ, ಆ ಸಾಲದಲ್ಲಿ ಸೇರುತ್ತದೆ. ಗಾಡಿ ತುಂಬುವ ತನಕ ರಾತ್ರಿ ಹಗಲು ಇಲ್ಲ.

ಅವರಿಗೆ ಹೋಗಿ ‘ಸ್ವಲ್ಪ ನಿಲ್ಲಿಸಿ ಹರಿತ ಮಾಡಿಕೊಳ್ಳಿ, ವಾರಕ್ಕೊಂದು ದಿನ ಸುಧಾರಿಸಿಕೊಳ್ಳಿ’ ಅಂತ ಬುದ್ಧಿ ಹೇಳುವುದಕ್ಕೆ ನನಗಂತೂ ಬಾಯಿ ಬರುವುದಿಲ್ಲ. ನಿಲ್ಲಬೇಕು ಅಂತ ಅವರಿಗೆ ಗೊತ್ತಿಲ್ಲವಾ? ನಿಂತರೆ ದಂಡ.

ಆರು_ಮೊಳ

ನಾನು ಹೆಚ್ಚು ಬರೆಯುವುದಿಲ್ಲ. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ವಾಪಸ್ ಹೋದಾಗ ನಮ್ಮ ಇಡೀ ವ್ಯವಸ್ಥೆ ಹೊಸ ಸಾಫ್ಟ್‌ವೇರ್‌ಗೆ ಬದಲಾಗಿತ್ತು. 2017ರ ತಿದ್ದುಪಡಿ ಆದ ಮೇಲೆ 26 ವಾರ ರಜೆ ಕಾನೂನಿನಲ್ಲೇ ಇದೆ, ಅದು ನನ್ನ ಹಕ್ಕು. ಹೊಸದನ್ನು ಕಲಿಸಲು ಯಾರನ್ನೂ ಕೂರಿಸಲಿಲ್ಲ. ಮೊದಲ ವಾರವೇ ಒಂದು ಮೀಟಿಂಗ್‌ನಲ್ಲಿ ನನ್ನ ಬಗ್ಗೆ ‘ನಾಟ್ ದ ಶಾರ್ಪೆಸ್ಟ್ ನೈಫ್’, ಅಂದರೆ ಬುದ್ಧಿ ಅಷ್ಟು ಚುರುಕಿಲ್ಲ, ಅಂದರು. ಎಲ್ಲರೂ ನಕ್ಕರು. ಹತ್ತು ವರ್ಷ ಚೆನ್ನಾಗಿ ಕೆಲಸ ಮಾಡಿದ್ದು ಒಂದು ವಾಕ್ಯದಲ್ಲಿ ಹೋಯಿತು. ಇವತ್ತಿಗೂ ಆ ಮಾತು ಕೇಳಿದರೆ ಹೊಟ್ಟೆ ತೊಳಸುತ್ತದೆ.

ಜಯನಗರ_ಚುಕ್ಕಿ

ಆರು ಮೊಳ ಅಕ್ಕ, ಓದಿ ತುಂಬಾ ನೋವಾಯಿತು. ನಿಮ್ಮ ಪೋಸ್ಟ್ ಇಲ್ಲಿರುವುದು ಮುಖ್ಯ. ಹರಿತ ಮಾಡಿಕೊಳ್ಳಲು ಹೊತ್ತು ಕೊಡದವರು, ಆಮೇಲೆ ಮೊಂಡು ಅಂತ ಕರೆಯುತ್ತಾರೆ. ನಾನು ಹೇಳಲು ಹೊರಟಿದ್ದು ಅದನ್ನೇ.

ಹೆಬ್ಬಾಳ ಸರ್, ಕೋವಿಯವರ ಮಾತಿನ ಬಗ್ಗೆ ನೀವು ಹೇಳಿದ್ದು ಸರಿ. ನಮ್ಮ ದೇಹ ನಮ್ಮ ಮನಸ್ಸಿಗೆ ಕಂಪನಿ ದುಡ್ಡು ಕೊಡಬೇಕು ಅಂತ ನಾನು ಕೇಳುತ್ತಿಲ್ಲ. ಆದರೆ ಆ ದಿನದ ಒಂದು ಗಂಟೆಯನ್ನೇ ಅಲ್ಲವಾ ಕ್ಲೈಂಟ್‌ನ ಟೂಲ್ ತಿಂದುಹಾಕುತ್ತಿರುವುದು? ವ್ಯಾಯಾಮ, ಓದು, ಮನೆಯವರು, ಅದಕ್ಕೆಲ್ಲ ಇಟ್ಟ ಹೊತ್ತಿಗೆ ಆಫೀಸ್ ಕೈ ಹಾಕಿ, ಆಮೇಲೆ ಅದೇ ಮಾತನ್ನು ನಮಗೆ ಹೇಳಿಕೊಡುವುದು ಸರಿಯಾ?

ಒಹಾಯೊ_ಗೌಡ್ರು

ಚುಕ್ಕಿ, ನೀವು ಕೇಳಿದ ಪ್ರಶ್ನೆಯನ್ನೇ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಮಾನ ಮಾಡಿದೆ, ಅದೂ ನಿಜವಾದ ಚಾಕುಗಳ ವಿಷಯದಲ್ಲಿ. ಇಲ್ಲಿ ಕಾರ್ಮಿಕರ ಸಂಬಳದ ಕೇಸುಗಳ ಕೆಲಸದಲ್ಲಿ ಇರುವುದರಿಂದ ಇದು ನನಗೆ ಇಷ್ಟದ ತೀರ್ಪು, ಸ್ವಲ್ಪ ಉದ್ದ ಬರೆಯುತ್ತೇನೆ.

ಮಿಚೆಲ್ ವಿರುದ್ಧ ಕಿಂಗ್ ಪ್ಯಾಕಿಂಗ್ ಕಂಪನಿ, 1956ರ ಜನವರಿ 30ರ ತೀರ್ಪು. ಮಿಚೆಲ್ ಅಂದರೆ ಆಗಿನ ಕಾರ್ಮಿಕ ಕಾರ್ಯದರ್ಶಿ. ಕಿಂಗ್ ಪ್ಯಾಕಿಂಗ್ ಐಡಾಹೊ ರಾಜ್ಯದ ಮಾಂಸದ ಕಾರ್ಖಾನೆ. ಅಲ್ಲಿ ಚಾಕುವಿನವರು ಅಂತಲೇ ಒಂದು ದರ್ಜೆಯ ಕೆಲಸಗಾರರು ಇದ್ದರು. ಒಬ್ಬೊಬ್ಬರಿಗೂ ಹಲವು ಚಾಕು, ಅವರವರ ಚಾಕು ಅವರೇ ಮಸೆದುಕೊಳ್ಳಬೇಕು. ಮಸೆಯಲು ಕಂಪನಿಯೇ ಒಂದು ಕೋಣೆ, ಯಂತ್ರ ಎಲ್ಲಾ ಇಟ್ಟಿತ್ತು. ಆದರೆ ಮಸೆಯುವುದು ಎಂಟು ಗಂಟೆಯ ಪಾಳಿ ಶುರುವಾಗುವ ಮೊದಲು, ಇಲ್ಲಾ ಮುಗಿದ ಮೇಲೆ, ಇಲ್ಲಾ ಊಟದ ಹೊತ್ತಿನಲ್ಲಿ. ಪಾಳಿಯ ಒಳಗೆ ಇಲ್ಲ. ಅದಕ್ಕೆ ಒಂದು ಸೆಂಟ್ ಕೂಡ ಕೊಡುತ್ತಿರಲಿಲ್ಲ.

ಹಿನ್ನೆಲೆ ಹೀಗಿದೆ. ಅಮೆರಿಕದಲ್ಲಿ ಕನಿಷ್ಠ ಕೂಲಿ, ಓವರ್‌ಟೈಮ್ ಕಾನೂನು ಬಂದಿದ್ದು 1938ರಲ್ಲಿ. 1947ರಲ್ಲಿ ಅಮೆರಿಕದ ಸಂಸತ್ತು ಒಂದು ತಿದ್ದುಪಡಿ ಮಾಡಿ, ಕೆಲಸದ ಜಾಗಕ್ಕೆ ನಡೆದುಕೊಂಡು ಹೋಗುವುದು, ಮುಖ್ಯ ಕೆಲಸದ ಮೊದಲು ಮತ್ತು ಆಮೇಲೆ ಮಾಡುವ ಸಣ್ಣಪುಟ್ಟ ತಯಾರಿ, ಇವಕ್ಕೆ ಕೂಲಿ ಕೊಡಬೇಕಿಲ್ಲ ಅಂದಿತು. ಕಂಪನಿ ಅದನ್ನೇ ಹಿಡಿದುಕೊಂಡಿತು. ಚಾಕು ಮಸೆಯುವುದು ತಯಾರಿ, ಅದು ಮುಖ್ಯ ಕೆಲಸ ಅಲ್ಲ ಅಂತ ವಾದ. ಕೆಳಗಿನ ಮೇಲ್ಮನವಿ ಕೋರ್ಟ್ ಕಂಪನಿಯ ಪರವಾಗಿಯೇ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಹಾಕಿತು. ತೀರ್ಪಿನಲ್ಲಿ ಕೊಟ್ಟ ಕಾರಣಗಳು ನೋಡಿ: ಮೊಂಡು ಚಾಕು ಇದ್ದರೆ ಸಾಲಿನಲ್ಲಿ ನಡೆಯುವ ಕೆಲಸ ನಿಧಾನ ಆಗುತ್ತದೆ, ಮಾಂಸ ನೋಡಲು ಚೆನ್ನಾಗಿರುವುದಿಲ್ಲ, ಚರ್ಮದ ಗುಣ ಕೆಡುತ್ತದೆ, ಪೋಲಾಗುತ್ತದೆ, ಅಪಘಾತ ಆಗುತ್ತವೆ. ಹಾಗಾಗಿ ಮಸೆಯುವುದು ಮುಖ್ಯ ಕೆಲಸದಿಂದ ಬೇರೆ ಮಾಡಲಾಗದ ಭಾಗ, ಅದಕ್ಕೆ ಕೂಲಿ ಕೊಡಿ. ಅದೇ ದಿನ ಇನ್ನೊಂದು ತೀರ್ಪೂ ಬಂತು. ಬ್ಯಾಟರಿ ಕಾರ್ಖಾನೆಯಲ್ಲಿ ಸೀಸ, ಆಸಿಡ್ ಮೈಗೆ ತಾಗುವುದರಿಂದ ಬಟ್ಟೆ ಬದಲಿಸಿ ಸ್ನಾನ ಮಾಡುವ ಹೊತ್ತಿಗೂ ಕೂಲಿ ಕೊಡಬೇಕು ಅಂತ.

ಸುಳ್ಯದವರ ತೊಗಟೆ, ಅಥಣಿಯವರ ಕೂಳೆ, ಎರಡೂ ಈ ತೀರ್ಪಿನ ಮಾತೇ ಆಡುತ್ತಿವೆ. ಮೊಂಡಾದರೆ ನಷ್ಟ ಯಾರಿಗೆ ಅಂತ ನೋಡಿದರೆ ಹರಿತ ಮಾಡುವ ಹೊತ್ತು ಯಾರದ್ದು ಅಂತ ಸಿಗುತ್ತದೆ.

ಹೆಬ್ಬಾಳ_ಸಂಜೆ

ಗೌಡ್ರೇ, ತುಂಬಾ ಒಳ್ಳೆಯ ಮಾಹಿತಿ. ಆದರೆ ಕಸಾಯಿಖಾನೆಯ ಚಾಕು ಒಂದೇ ಕೆಲಸಕ್ಕೆ. ಆಫೀಸಿನಲ್ಲಿ ಕಲಿಯುವುದು ಹಾಗಲ್ಲವಲ್ಲ. ಗೆರೆ ಎಲ್ಲಿ ಎಳೆಯುತ್ತೀರಿ?

ಒಹಾಯೊ_ಗೌಡ್ರು

ಗೆರೆ ಎಳೆಯುವುದು ಸುಲಭ ಅಲ್ಲ, ನಿಜ. 2014ರಲ್ಲಿ ಇದೇ ಸುಪ್ರೀಂ ಕೋರ್ಟ್ ಇನ್ನೊಂದು ಕೇಸಿನಲ್ಲಿ ಕೆಲಸಗಾರರ ವಿರುದ್ಧ ಹೇಳಿತು. ನೆವಾಡಾದಲ್ಲಿ ಅಮೆಜಾನ್ ಗೋದಾಮಿನಲ್ಲಿ ಕೆಲಸ ಮಾಡುವವರು, ಒಂದು ಗುತ್ತಿಗೆ ಸಂಸ್ಥೆಯ ಕಡೆಯಿಂದ ಬಂದವರು. ಪಾಳಿ ಮುಗಿದ ಮೇಲೆ ಕಳ್ಳತನ ತಪ್ಪಿಸಲು ತಪಾಸಣೆ, ಅದಕ್ಕೆ 25 ನಿಮಿಷದಷ್ಟು ಸಾಲಿನಲ್ಲಿ ನಿಲ್ಲಬೇಕಿತ್ತು ಅಂತ ಅವರ ದೂರು. ಒಂಬತ್ತೂ ನ್ಯಾಯಮೂರ್ತಿಗಳು ಅದಕ್ಕೆ ಕೂಲಿ ಕೊಡಬೇಕಿಲ್ಲ ಅಂದರು. ಕಂಪನಿ ಕಡ್ಡಾಯ ಮಾಡಿದೆ ಅನ್ನುವುದಷ್ಟೇ ಸಾಲದು, ಮುಖ್ಯ ಕೆಲಸ ಅದಿಲ್ಲದೆ ನಡೆಯುವುದಿಲ್ಲ ಅಂತಾಗಬೇಕು ಅಂದರು. ತಪಾಸಣೆ ತೆಗೆದುಹಾಕಿದರೂ ಡಬ್ಬ ತುಂಬುವ ಕೆಲಸ ನಡೆಯುತ್ತದೆ ಅಂತ ಅವರ ವಾದ. ನನಗೆ ಆ ತೀರ್ಪು ಒಪ್ಪಿಗೆ ಇಲ್ಲ, ಮನುಷ್ಯರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡ ಹೊತ್ತು ಅವರ ಹೊತ್ತು ಹೇಗೆ ಆಗುತ್ತದೆ? ಆದರೆ ಅದೇ ತೀರ್ಪಿನಲ್ಲಿ ಮಾಂಸದ ಕಾರ್ಖಾನೆಯ ಚಾಕು ಮಸೆಯುವುದನ್ನು ಕೂಲಿ ಕೊಡಲೇಬೇಕಾದ ಕೆಲಸದ ಉದಾಹರಣೆಯಾಗಿ ಮತ್ತೆ ಹೆಸರಿಸಿದ್ದಾರೆ.

ಆಫೀಸಿಗೆ ಹೀಗೆ ಕೇಳಬಹುದು. ಈ ಟೂಲ್ ಕಲಿಯದೆ ಈ ಪ್ರಾಜೆಕ್ಟ್ ಮಾಡಲು ಆಗುತ್ತದಾ? ಆಗುವುದಿಲ್ಲ ಅಂದರೆ ಕಲಿಯುವುದು ಪ್ರಾಜೆಕ್ಟ್‌ನ ಕೆಲಸ. ನಾನು ಮುಂದೆ ಬೇರೆ ಹುದ್ದೆಗೆ ಹೋಗಲು ಒಂದು ಡಿಪ್ಲೊಮಾ ಮಾಡುತ್ತೇನೆ ಅಂದರೆ ಅದು ನನ್ನ ಹೊತ್ತು. ಇದು ಇಲ್ಲಿನ ಕಾನೂನಿನ ಲೆಕ್ಕ ಅಂತ ಹೇಳುತ್ತಿಲ್ಲ, ನ್ಯಾಯದ ಲೆಕ್ಕ ಹೇಳುತ್ತಿದ್ದೇನೆ. ಇಲ್ಲೂ ಸಾಫ್ಟ್‌ವೇರ್‌ನವರಲ್ಲಿ ಎಷ್ಟೋ ಜನ ಓವರ್‌ಟೈಮ್ ಕಾನೂನಿನ ಹೊರಗೇ ಇದ್ದಾರೆ.

ಮೇಷ್ಟ್ರು_ತುಮಕೂರು

ಒಂದು ಸಣ್ಣ ಸೇರ್ಪಡೆ. ಇದೇ ಅರ್ಥದ ಇನ್ನೊಂದು ಮಾತು ಆಫೀಸುಗಳ ಗೋಡೆ ಮೇಲೆ ಇರುತ್ತದೆ. ಮರ ಕಡಿಯಲು ಆರು ಗಂಟೆ ಕೊಟ್ಟರೆ ಮೊದಲ ನಾಲ್ಕು ಗಂಟೆ ಕೊಡಲಿ ಹರಿತ ಮಾಡುತ್ತೇನೆ ಅಂತ, ಕೆಳಗೆ ಅಬ್ರಹಾಂ ಲಿಂಕನ್ ಹೆಸರು. ಲಿಂಕನ್ ಹಾಗೆ ಹೇಳಿದ್ದಕ್ಕೆ ದಾಖಲೆ ಇಲ್ಲ. 1956ರ ಒಂದು ಬರಹದಲ್ಲಿ ಹೆಸರಿಲ್ಲದ ಮರ ಕಡಿಯುವವನೊಬ್ಬ ಬರುತ್ತಾನೆ. ಐದು ನಿಮಿಷ ಕೊಟ್ಟರೆ ಎರಡೂವರೆ ನಿಮಿಷ ಕೊಡಲಿ ಮಸೆಯುತ್ತೇನೆ ಅನ್ನುತ್ತಾನೆ. ಆಮೇಲೆ ಆ ಹೆಸರಿಲ್ಲದವನ ಜಾಗಕ್ಕೆ ಲಿಂಕನ್ ಬಂದರು, ನಿಮಿಷ ಗಂಟೆಯಾಯಿತು. ಗೌಡ್ರು ಹೇಳಿದ ತೀರ್ಪಿನ ವರ್ಷವೂ ಅದೇ 1956 ಅನ್ನುವುದು ನೋಡಿ ಆಶ್ಚರ್ಯವಾಯಿತು.

ಲಿಂಕನ್ ಕೈಯಲ್ಲಿ ಕೊಡಲಿ ಇದ್ದಿದ್ದಂತೂ ನಿಜ. 1860ರಲ್ಲಿ ಬರೆದುಕೊಟ್ಟ ತಮ್ಮ ಬದುಕಿನ ಚಿಕ್ಕ ಪರಿಚಯದಲ್ಲಿ, ಚಿಕ್ಕ ವಯಸ್ಸಿನಲ್ಲೇ ಕೈಗೆ ಕೊಡಲಿ ಬಂತು, 23ನೇ ವಯಸ್ಸಿನ ತನಕ ಅದನ್ನು ಹೆಚ್ಚುಕಡಿಮೆ ಬಿಟ್ಟಿದ್ದೇ ಇಲ್ಲ ಅಂತ ಹೇಳಿಕೊಂಡಿದ್ದಾರೆ.

ವಿಚಾರ ಇನ್ನೂ ಹಳೆಯದು. ಬೈಬಲ್ಲಿನ ಹಳೇ ಒಡಂಬಡಿಕೆಯಲ್ಲಿ, ಪ್ರಸಂಗಿಯ 10ನೇ ಅಧ್ಯಾಯದ 10ನೇ ವಚನದಲ್ಲಿ, ಕಬ್ಬಿಣ ಮೊಂಡಾಗಿದ್ದು ಅದರ ಬಾಯಿ ಮಸೆಯದಿದ್ದರೆ ಹೆಚ್ಚು ಬಲ ಹಾಕಬೇಕಾಗುತ್ತದೆ ಅನ್ನುವ ಮಾತಿದೆ.

ಸಿರಸಿ_ಅಡುಗೆಮನೆ

ನಾವು ಮದುವೆ ಮನೆ ಅಡುಗೆ ಗುತ್ತಿಗೆ ಹಿಡಿಯುತ್ತೇವೆ. ತರಕಾರಿ ಹೆಚ್ಚಲು ಹೆಂಗಸರು ಬರುತ್ತಾರೆ, ಕೆಲವರು ಈಳಿಗೆಮಣೆ ಹಿಡಿಯುತ್ತಾರೆ, ಕೆಲವರು ಚಾಕು. ಮೊಂಡು ಚಾಕುವಿನಲ್ಲಿ ಟೊಮೆಟೊ ಹೆಚ್ಚಿ ನೋಡಿ. ಸಿಪ್ಪೆ ಕೊಯ್ಯುವುದಿಲ್ಲ, ಒತ್ತುತ್ತೀರಿ, ಜಾರಿ ಬೆರಳಿಗೆ ಬರುತ್ತದೆ. ಈರುಳ್ಳಿ ಕೊಯ್ಯುವ ಬದಲು ಜಜ್ಜಿದರೆ ಕಣ್ಣುರಿಯೂ ಜಾಸ್ತಿ, ಕಣ್ಣಲ್ಲಿ ನೀರು ತುಂಬಿದಾಗ ಕೈ ಎಲ್ಲಿದೆ ಅಂತ ಕಾಣುವುದಿಲ್ಲ. ಹರಿತದ ಚಾಕುವಿಗೆ ಹೆದರುವವರು ಮೊಂಡಕ್ಕೆ ಹೆದರುವುದಿಲ್ಲ, ಗಾಯ ಆಗುವುದು ಮಾತ್ರ ಅದರಿಂದಲೇ. ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿಲ್ಲದೆ ಬಲ ಹಾಕಿರುತ್ತೀರಲ್ಲ.

ಬೇರೆ ಕಡೆ ಹೆಂಗಸರು ಮನೆಯಿಂದಲೇ ಮಸೆದು ತರಬೇಕು ಅನ್ನುವ ಪದ್ಧತಿ ಇದೆ. ಗಂಡಸರಿಗೆ ಕೆಲಸದ ಜಾಗದಲ್ಲಿ ಕೂತು ಮಸೆಯುವ ಹೊತ್ತು ಸಿಗುತ್ತದೆ, ಉಳಿ ಬಾಚಿ ಅಣ್ಣನೇ ಹೇಳಿದರಲ್ಲ. ಹೆಂಗಸರು ಮಾತ್ರ ಅದನ್ನು ಮನೆಯ ಕೆಲಸದ ಜೊತೆ ಮುಗಿಸಿಕೊಂಡು ಬರಬೇಕು. ನಮ್ಮಲ್ಲಿ ಹಾಗಿಲ್ಲ. ಬಂದ ಮೇಲೆ ಚಹಾ ಕುಡಿದು, ಕಲ್ಲಿಗೆ ನೀರು ಹಾಕಿ, ಎಲ್ಲರೂ ಮಸೆದುಕೊಂಡೇ ಕೂರುವುದು. ಕೂಲಿ ಲೆಕ್ಕ ಅವರು ಬಂದ ಹೊತ್ತಿನಿಂದಲೇ ಶುರು. ಇದನ್ನು ದೊಡ್ಡ ಉಪಕಾರ ಅಂತ ನಾನು ಹೇಳಿಕೊಳ್ಳುತ್ತಿಲ್ಲ, ಬೀನ್ಸ್ ನಾರು ನಾರಾಗಿ ಎಲೆಗೆ ಬಿದ್ದರೆ ಹೆಸರು ಕೆಡುವುದು ನಮ್ಮದು.

ಕೃಷ್ಣಾ_ದಂಡೆ (ಅಥಣಿ)

ಸಿರಸಿ ಅಕ್ಕ ಹೇಳಿದ್ದು ನೂರಕ್ಕೆ ನೂರು ಖರೆ. ಗೌಡ್ರೇ, ಒಂದು ಕೇಳಬೇಕಿತ್ತು. ಅಮೆರಿಕದ ಆ ಕಾನೂನು ಟನ್ ಲೆಕ್ಕದವರಿಗೂ ಸಿಗುತ್ತದಾ? ಕಬ್ಬು ಕಡಿಯುವವರಿಗೆ?

ಒಹಾಯೊ_ಗೌಡ್ರು

ಕೆಲಸದಷ್ಟಕ್ಕೆ ಕೂಲಿ ಇದ್ದರೂ ಒಟ್ಟು ದುಡಿದ ಗಂಟೆಗಳಿಗೆ ಕನಿಷ್ಠ ಕೂಲಿಗಿಂತ ಕಡಿಮೆ ಬೀಳಬಾರದು ಅನ್ನುವುದು ಸಾಮಾನ್ಯ ನಿಯಮ. ಆದರೆ ಹೊಲದ ಕೂಲಿಯವರಿಗೆ 1938ರ ಕಾನೂನಿನಲ್ಲಿ ಓವರ್‌ಟೈಮ್ ಕೊಡಲಿಲ್ಲ, ರಾಷ್ಟ್ರಮಟ್ಟದಲ್ಲಿ ಇವತ್ತಿಗೂ ಇಲ್ಲ. ಕೆಲವು ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡಿವೆ. ಹೊಲದವರ ಹೊತ್ತು ಎಲ್ಲಾ ದೇಶದಲ್ಲೂ ಕೊನೆಗೇ ಲೆಕ್ಕಕ್ಕೆ ಬರುತ್ತದೆ ಅಣ್ಣ, ಹೇಳಲು ಬೇಸರವಾಗುತ್ತದೆ.

ಜಯನಗರ_ಚುಕ್ಕಿ

ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ, ಅದರ ಮೇಲೆ ದುಡಿದರೆ ಎರಡು ಪಟ್ಟು ಕೂಲಿ ಅಂದಿತ್ತು. ಐಟಿಯವರಿಗೆ 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆ ತನಕ ದುಡಿಸಲು ಅವಕಾಶ ಮಾಡುವ ಪ್ರಸ್ತಾಪ ರಾಜ್ಯದಲ್ಲೇ ಬಂದಿತ್ತು, ಐಟಿ ನೌಕರರ ಸಂಘ ಬಲವಾಗಿ ವಿರೋಧಿಸಿತು. ಹದಿನಾಲ್ಕು ಗಂಟೆ ಆಫೀಸು, ಮೇಲೆ ಟ್ರಾಫಿಕ್. ಆಮೇಲೆ ಯಾವ ಹೊತ್ತಿನಲ್ಲಿ ಹರಿತ ಮಾಡಿಕೊಳ್ಳಲಿ?

ಗೌಡ್ರ ಪ್ರಶ್ನೆಯನ್ನು ಹಾಗೇ ಬರೆದುಕೊಂಡಿದ್ದೇನೆ. ಮುಂದಿನ ಸಲ ಲಿಂಕ್ ಬಂದಾಗ ಮೇಲ್‌ನಲ್ಲೇ ಕೇಳುತ್ತೇನೆ: ‘ಇದನ್ನು ಕಲಿಯದೆ ಈ ಪ್ರಾಜೆಕ್ಟ್ ಮಾಡಲು ಆಗುತ್ತದೆಯೇ? ಆಗುವುದಿಲ್ಲ ಅಂದರೆ ಟೈಮ್‌ಶೀಟ್‌ನಲ್ಲಿ ಯಾವ ಕೋಡ್‌ಗೆ ಗಂಟೆ ಹಾಕಲಿ?’

ಹೆಬ್ಬಾಳ_ಸಂಜೆ

ಮೇಲ್ ಕಳಿಸಿ, ಆದರೆ ಕೆಲಸ ಶುರುವಾದ ಮೇಲೆ ಅಲ್ಲ, ಎಸ್ಟಿಮೇಟ್ ಮಾಡುವಾಗಲೇ ಕಳಿಸಿ. ಆಗ ಕಲಿಯುವ ಗಂಟೆ ಅಂತ ಒಂದು ಸಾಲು ಸೇರಿಸುವುದು ಮ್ಯಾನೇಜರಿಗೂ ಸುಲಭ, ಕ್ಲೈಂಟ್‌ಗೂ ತೋರಿಸಬಹುದು. ದರ ಒಪ್ಪಿಕೊಂಡ ಮೇಲೆ ನನ್ನ ಕೈಯಲ್ಲೂ ಏನೂ ಇರುವುದಿಲ್ಲ. ವಿದ್ಯೆ ಕಲಿತವರ ಜೊತೆಗೇ ಹೋಗುತ್ತದೆ ಅನ್ನುವ ನನ್ನ ಮಾತನ್ನು ನಾನು ಬಿಡುವುದಿಲ್ಲ. ಆದರೆ ಆರು ಮೊಳ ಮೇಡಂ ಅವರಿಗೆ ಆಗಿದ್ದು ನನ್ನ ಟೀಮಿನಲ್ಲಿ ಆಗಬಾರದು. ರಜೆಯಿಂದ ಬರುವವರ ಮೊದಲ ಎರಡು ವಾರ ಕಲಿಯಲಿಕ್ಕೆ ಅಂತಲೇ ಬರೆದಿಡುತ್ತೇನೆ.

ಆರು_ಮೊಳ

ಎರಡು ವಾರ ಸಾಲುವುದಿಲ್ಲ ಸರ್. ಒಂದು ತಿಂಗಳು ಇಡಿ. ಜೊತೆಗೆ ಕೂತು ಹೇಳಿಕೊಡಲು ಒಬ್ಬರನ್ನು ಇಡಿ, ಅವರ ಹೊತ್ತನ್ನೂ ಲೆಕ್ಕ ಹಾಕಿ.

ಉಳಿ_ಬಾಚಿ (ಸಾಗರ)

ಆರು ಮೊಳ ಅಕ್ಕ ಹೇಳಿದ್ದೇ ಸರಿ. ನಮ್ಮಲ್ಲೂ ಹೊಸ ಹುಡುಗನಿಗೆ ಅರ ಹಿಡಿಯಲು ಕಲಿಸುವಾಗ ಮೇಸ್ತ್ರಿಯ ಕೆಲಸ ಅರ್ಧ ನಿಲ್ಲುತ್ತದೆ, ಅದನ್ನು ಯಾರೂ ಲೆಕ್ಕ ಇಡುವುದಿಲ್ಲ.

ಕೆಲವರು ಮೆಸೇಜ್ ಮಾಡಿ ಹಳೇ ಗರಗಸ ಮನೆಯಲ್ಲಿದೆ, ಯಾವ ಅರ ತರಬೇಕು ಅಂತ ಕೇಳಿದ್ದೀರಿ. ಮೊದಲು ಹಲ್ಲಿನ ತುದಿಯ ಬಣ್ಣ ನೋಡಿ, ಕಪ್ಪು ನೀಲಿ ಇದ್ದರೆ ಅರ ತರಬೇಡಿ, ಹಾಳಾಗುತ್ತದೆ. ಇಲ್ಲದಿದ್ದರೆ ಗರಗಸವನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ, ಅರದ ಒಂದು ಮುಖ ಹಲ್ಲಿನ ಎರಡರಷ್ಟಾದರೂ ಅಗಲ ಇರುವ ಹಾಗೆ ಆರಿಸಿ. ಉಜ್ಜುವಾಗ ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ವಾಪಸ್ ಎಳೆಯುವಾಗ ಎತ್ತಿಬಿಡಿ. ಒಂದು ಕಡೆ ಬಾಗಿದ ಹಲ್ಲುಗಳನ್ನೆಲ್ಲ ಮುಗಿಸಿ, ಗರಗಸ ತಿರುಗಿಸಿಕೊಂಡು ಇನ್ನೊಂದು ಕಡೆಯದು ಮಾಡಿ. ಹಳೇ ಹಲ್ಲು ಎಲ್ಲಾದರೂ ಮುರಿದಿದ್ದರೆ ಫೋಟೋ ಹಾಕಿ, ನೋಡಿ ಹೇಳುತ್ತೇನೆ.